ನಾಗರಿಕ ಸುದ್ದಿಗಾರಿಕೆ: ನಾರಾಯಣಪೇಟೆ, ಮಕ್ತಲ್, ಗದ್ವಾಲ

ಪತ್ರಿಕೆಯ ನೌಕರರಲ್ಲದ ಜನ ತಮ್ಮೂರಿನ ಸುದ್ದಿಯನ್ನು ತಾವೇ ಬರೆದು, ಮೊಬೈಲಿನಲ್ಲಿ ಸೆರೆಹಿಡಿದು ಜಾಲಕ್ಕೇರಿಸುವ ರೂಢಿ. ತೆಲಂಗಾಣದ ಈ ಮೂರು ಊರುಗಳಿಗೆ ರಾಯಚೂರು ನೆರೆಮನೆಯಿದ್ದಂತೆ. ನಾರಾಯಣಪೇಟೆ ಜಿಲ್ಲೆಯ ಕೃಷ್ಣಾ ಮಂಡಲದ ಹಲವು ಹಳ್ಳಿಗಳಲ್ಲಿ ಮನೆಮಾತು ಕನ್ನಡವೇ.

ಈ ರೂಢಿ ಸ್ಮಾರ್ಟ್‌ಫೋನಿನಿಂದ ಹುಟ್ಟಿತೆಂಬುದು ಅರ್ಧ ನಿಜ. ಗದ್ವಾಲ ಸೀಮೆಯ ಸುರವರಂ ಪ್ರತಾಪರೆಡ್ಡಿ 1926ರಲ್ಲಿ ಹೈದರಾಬಾದಿನಿಂದ 'ಗೋಲ್ಕೊಂಡ' ಪತ್ರಿಕೆ ಹೊರಡಿಸಿದರು. ನಿಜಾಮರ ಸೀಮೆಯಲ್ಲಿ ತೆಲುಗು ಕವಿಗಳೇ ಇಲ್ಲವೆಂಬ ಮಾತು ಬಂದಾಗ, ಊರೂರಿನಿಂದ ಕವಿತೆ ತರಿಸಿ 1934ರಲ್ಲಿ 354 ಕವಿಗಳ ಸಂಚಿಕೆಯನ್ನೇ ಮುಂದಿಟ್ಟರು. ತೆಲುಗು ದಿನಪತ್ರಿಕೆ 'ಈನಾಡು' 1989ರಲ್ಲಿ ಜಿಲ್ಲಾ ಪುರವಣಿಗಳನ್ನು ತಂದ ಮೇಲೆ ಮಂಡಲದ ಬಿಡಿ ಸುದ್ದಿಗಾರನಿಗೆ ಬೇಡಿಕೆ ಹೆಚ್ಚಿತು. ವರದಿಗಾರ, ನಾಗರಿಕರ ನಡುವಿನ ಗೆರೆ ಮಸುಕಾದದ್ದು ಇಲ್ಲಿಯೇ. ಬೇರೆ ಕಸುಬಿನಲ್ಲಿ ಬದುಕುತ್ತ ಊರ ಸುದ್ದಿ ಕಳಿಸುವವನನ್ನು ಯಾವ ಸಾಲಿಗೆ ಸೇರಿಸಬೇಕೆಂಬುದು ಇಂದಿಗೂ ತೀರ್ಮಾನವಾಗಿಲ್ಲ.

2016ರಲ್ಲಿ ಜಿಯೋ ಬಂತು, ಡೇಟಾ ಅಗ್ಗವಾಯಿತು. ಅದೇ ವರ್ಷ ಅಕ್ಟೋಬರ್ 11ರಂದು ಗದ್ವಾಲ ಜಿಲ್ಲಾಕೇಂದ್ರವಾಯಿತು. ನಾರಾಯಣಪೇಟೆಗೆ ಆ ಪಟ್ಟ ಸಿಕ್ಕಿದ್ದು 2019ರ ಫೆಬ್ರವರಿ 17ರಂದು. ಜಿಲ್ಲೆಗಳಾಗುವವರೆಗೆ ಎರಡೂ ಮಹಬೂಬ್‌ನಗರದ ಸುದ್ದಿಯೊಳಗೆ ಅಡಗಿದ್ದವು.

ನಿಜವಾದ ತಿರುವು 2018ರ ಬೇಸಿಗೆ. ಮಕ್ಕಳ ಕಳ್ಳರು, ಅಂಗಾಂಗ ಕದಿಯುವವರು ಬಂದಿದ್ದಾರೆಂಬ ವೀಡಿಯೊಗಳು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿದವು. ಊರಿನ ನೀರು, ರಸ್ತೆ, ಸಾವುನೋವಿನ ಸುದ್ದಿ ಬರುತ್ತಿದ್ದ ಫೋನಿಗೇ ಇವೂ ಬಂದವು. ಜನ ನಂಬಿದ್ದರಲ್ಲಿ ಅಚ್ಚರಿಯಿಲ್ಲ. ಗದ್ವಾಲ ಪೊಲೀಸರಿಗೆ ಈ ಭಯದ ಸುಳಿವು ಕೊಟ್ಟದ್ದು ಫೋನಲ್ಲ, ಖಾಲಿ ಅಂಗಳ: ಸುಡುವ ಸೆಕೆಯಲ್ಲೂ ಹೊರಗೆ ಮಲಗುವವರೇ ಇರಲಿಲ್ಲ. ಹಳ್ಳಿಗೆ ಹೋದ ಪೇದೆ ಅದನ್ನು ಗಮನಿಸಿ ವರದಿ ಮಾಡಿದ. ಈ ಇತಿಹಾಸದಲ್ಲಿ ಅದಕ್ಕಿಂತ ಒಳ್ಳೆಯ ಸ್ಥಳೀಯ ವರದಿ ಸಿಗುವುದು ಕಷ್ಟ.

ಆಗ ಗದ್ವಾಲ, ವನಪರ್ತಿ ಎರಡಕ್ಕೂ ಎಸ್ಪಿಯಾಗಿದ್ದವರು ರೆಮಾ ರಾಜೇಶ್ವರಿ. 400ಕ್ಕೂ ಹೆಚ್ಚು ಹಳ್ಳಿಗಳ ಹೊಣೆಯನ್ನು ಪೊಲೀಸರಿಗೆ ಹಂಚಿದರು. ಪೊಲೀಸರು ಊರಿನ ವಾಟ್ಸ್‌ಆ್ಯಪ್ ಗುಂಪುಗಳನ್ನು ಸೇರಿದರು, ಡಂಗುರ ಸಾರಿಸಿದರು, ಜನಪದ ಧಾಟಿಯ ಹಾಡು ಕಟ್ಟಿ ಸುಳ್ಳನ್ನು ಬಿಡಿಸಿ ಹೇಳಿದರು. ಆ ಹಳ್ಳಿಗಳಲ್ಲಿ ವದಂತಿಗೆ ಒಂದು ಜೀವವೂ ಬಲಿಯಾಗಲಿಲ್ಲ.

ಗಡಿಯಾಚೆ ಹಾಗಾಗಲಿಲ್ಲ. ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಇಂಥದೇ ವದಂತಿ ನಂಬಿದ ಗುಂಪು ಹೈದರಾಬಾದಿನ ಯುವಕನೊಬ್ಬನನ್ನು ಹೊಡೆದು ಕೊಂದಿತು. ಅದೇ ತಿಂಗಳು ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ 5 ಕಡೆಗಷ್ಟೇ ದಾಟಿಸುವ ಮಿತಿ ಪ್ರಕಟಿಸಿತು.