ಕಥಾಚ್ಛಲ: ಬಾಲಶಿಕ್ಷಣದಲ್ಲಿ ಕಥೆಯ ಸ್ಥಾನ

ನಾರಾಯಣ ಪಂಡಿತನು ಹಿತೋಪದೇಶದ ಪ್ರಸ್ತಾವನೆಯಲ್ಲಿ ತನ್ನ ಗ್ರಂಥದ ಪ್ರಯೋಜನವನ್ನು ಹೇಳುವಾಗ ವಿಚಾರಾರ್ಹವಾದ ಒಂದು ಶಬ್ದವನ್ನು ಪ್ರಯೋಗಿಸಿರುವನು. ಹಸಿಯ ಮಡಕೆಯಲ್ಲಿ ಮೂಡಿದ ಗುರುತು ಹೇಗೆ ಅಳಿಯದೋ ಹಾಗೆಯೇ ಎಳೆಯ ಮನಸ್ಸಿನಲ್ಲಿ ನೆಲೆಗೊಂಡ ಸಂಸ್ಕಾರವೂ ಅಳಿಯಲಾರದು; ಆದುದರಿಂದ ಬಾಲಕರಿಗೆ ನೀತಿಯನ್ನು ‘ಕಥಾಚ್ಛಲ’ದಿಂದ ಹೇಳುವುದೆಂದು ಅವನ ಅಭಿಪ್ರಾಯ. ಇಲ್ಲಿ ಛಲವೆಂದರೆ ಕನ್ನಡದ ಹಟವಲ್ಲ; ನೆಪ, ಮರೆ, ವ್ಯಾಜ. ನ್ಯಾಯಶಾಸ್ತ್ರದಲ್ಲಿ ಪ್ರತಿವಾದಿಯ ಮಾತಿಗೆ ಅವನು ಉದ್ದೇಶಿಸದ ಅರ್ಥವನ್ನು ಹಚ್ಚಿ ಸೋಲಿಸುವ ಕುಯುಕ್ತಿಗೂ ಇದೇ ಹೆಸರು. ಕಥೆಯು ಮಗುವಿಗೆ ಕಹಿ ಮದ್ದನ್ನು ಕುಡಿಸುವ ಬೆಲ್ಲವೋ, ಅಥವಾ ತಾನೇ ಆಹಾರವೋ ಎಂಬ ಪ್ರಶ್ನೆಯು ಈ ಒಂದು ಶಬ್ದದಲ್ಲಿಯೇ ಅಡಗಿರುವುದು. ಕನ್ನಡ ನಾಡಿನಲ್ಲಿ ಈ ಪ್ರಶ್ನೆಗೆ ಕಾಲಕಾಲಕ್ಕೆ ದೊರೆತ ಉತ್ತರಗಳು ಒಂದೇ ಬಗೆಯವಲ್ಲ.

ಹಿತೋಪದೇಶಕ್ಕೆ ಮಾತೃಕೆಯಾದ ಪಂಚತಂತ್ರದ ಪೀಠಿಕಾಕಥೆಯು ಎಲ್ಲರಿಗೂ ತಿಳಿದದ್ದೇ. ಮಹಿಳಾರೋಪ್ಯದ ಅಮರಶಕ್ತಿಗೆ ಮೂವರು ಮಂದಮತಿಗಳಾದ ಮಕ್ಕಳು. ವ್ಯಾಕರಣವೊಂದಕ್ಕೇ ಹನ್ನೆರಡು ವರ್ಷ ಬೇಕು, ಆಮೇಲೆ ಧರ್ಮಶಾಸ್ತ್ರ, ಆಮೇಲೆ ಅರ್ಥಶಾಸ್ತ್ರ ಎಂದು ಆಸ್ಥಾನದವರು ಲೆಕ್ಕ ಹಾಕುತ್ತಿರುವಾಗ ವಿಷ್ಣುಶರ್ಮನು ಆರು ತಿಂಗಳ ಪ್ರತಿಜ್ಞೆ ಮಾಡುತ್ತಾನೆ. ಈ ಪ್ರತಿಜ್ಞೆಯನ್ನು ಹೊಗಳುವವರು ಅದರ ಸಾಧನವನ್ನು ಸಾಮಾನ್ಯವಾಗಿ ಗಮನಿಸುವುದಿಲ್ಲ. ಪಂಚತಂತ್ರದಲ್ಲಿ ನೀತಿಶ್ಲೋಕವು ಕಥೆಯ ಹಿಂದೆ ಬಾಲದಂತೆ ಬರುವುದು ಮಾತ್ರವಲ್ಲ; ಅದು ಮೊದಲು ಕಥೆಯ ಮುಂದೆ ಒಗಟಿನಂತೆ ಬರುವುದು. ಇಂಥವನು ಹೀಗೆ ಕೆಟ್ಟನೆಂದು ಒಂದು ಶ್ಲೋಕ ಸೂಚಿಸುತ್ತದೆ. ಹೇಗೆ ಕೆಟ್ಟನೆಂಬುದನ್ನು ಹೇಳುವುದಿಲ್ಲ. ಕೇಳುವವನು ‘ಅದು ಹೇಗೆ?’ ಎನ್ನುತ್ತಾನೆ. ಆಮೇಲೆಯೇ ಕಥೆ. ಕುತೂಹಲವು ಹುಟ್ಟದೆ ಒಂದು ಕಥೆಯೂ ಆರಂಭವಾಗುವುದಿಲ್ಲ. ನೀತಿಯನ್ನು ಕಲಿಯುವವನೇ ನೀತಿಯನ್ನು ಬೇಡುವಂತೆ ಮಾಡಿರುವುದು ಈ ಗ್ರಂಥದ ನಿಜವಾದ ಉಪಾಯ. ಪ್ರಾಣಿಗಳು ಮಾತನಾಡುವುದು ಅದರ ಅಲಂಕಾರವಷ್ಟೆ.

ಕನ್ನಡದಲ್ಲಿ ಈ ಪರಂಪರೆಯನ್ನು ಮೊದಲು ತಂದವನು ದುರ್ಗಸಿಂಹ. ಪಶ್ಚಿಮ ಚಾಲುಕ್ಯರ ಜಗದೇಕಮಲ್ಲ ಜಯಸಿಂಹನಲ್ಲಿ ಸಂಧಿವಿಗ್ರಹಿಯಾಗಿದ್ದ ಇವನು ಕ್ರಿ. ಶ. 1031ರ ಸುಮಾರಿಗೆ ತನ್ನ ಪಂಚತಂತ್ರವನ್ನು ರಚಿಸಿದನೆಂದು ವಿದ್ವಾಂಸರು ನಿರ್ಣಯಿಸಿರುವರು. ಇವನು ಅನುಸರಿಸಿದ್ದು ವಿಷ್ಣುಶರ್ಮನ ಪಾಠವನ್ನಲ್ಲ, ವಸುಭಾಗಭಟ್ಟನ ಪಾಠವನ್ನು. ಭೇದ, ಪರೀಕ್ಷಾ, ವಿಶ್ವಾಸ, ವಂಚನಾ, ಮಿತ್ರಕಾರ್ಯವೆಂಬ ಐದು ಪ್ರಕರಣಗಳ ಹೆಸರುಗಳೇ ಬೇರೆ. ಜಾವಾ ಮೊದಲಾದ ದ್ವೀಪಾಂತರಗಳಿಗೆ ಹೋದ ಕಥೆಗಳೂ ಈ ಶಾಖೆಗೆ ಸಂಬಂಧಪಟ್ಟವೆಂಬುದು ಬೇರೊಂದು ಲೇಖನಕ್ಕೆ ತಕ್ಕ ವಿಷಯ. ಪ್ರಕೃತಕ್ಕೆ ಬೇಕಾದುದು ಇಷ್ಟೆ: ದುರ್ಗಸಿಂಹನ ಗ್ರಂಥವು ಸಂಸ್ಕೃತಭೂಯಿಷ್ಠವಾದ ಚಂಪೂ. ರಾಜಸಭೆಯ ಪ್ರೌಢರು ಅದನ್ನು ಸವಿಯಬಹುದಾಗಿತ್ತೇ ಹೊರತು ಓನಾಮ ತಿದ್ದುವ ಹುಡುಗನ ಕೈಗೆ ಅದು ನಿಲುಕುವಂತಿರಲಿಲ್ಲ. ಬಾಲಕರಿಗಾಗಿ ಹುಟ್ಟಿತೆಂದು ಹೇಳಿಕೊಳ್ಳುವ ಗ್ರಂಥವು ಕನ್ನಡಕ್ಕೆ ಬರುವಾಗ ಬಾಲಕರನ್ನು ಹಿಂದೆಯೇ ಬಿಟ್ಟು ಬಂದಿತು.

ಹಾಗಾದರೆ ನಾಡಿನ ಮಕ್ಕಳು ಏನನ್ನು ಓದುತ್ತಿದ್ದರು? ಇದಕ್ಕೆ ಒಂದು ಅಮೂಲ್ಯವಾದ ಆಧಾರವಿದೆ. ಮದರಾಸಿನ ಗವರ್ನರಾಗಿದ್ದ ಸರ್ ಥಾಮಸ್ ಮನ್ರೋ 1822ರಲ್ಲಿ ಎಲ್ಲ ಜಿಲ್ಲೆಗಳ ದೇಶೀಯ ಪಾಠಶಾಲೆಗಳ ಸ್ಥಿತಿಯನ್ನು ವಿಚಾರಿಸಿ ತಿಳಿಸಬೇಕೆಂದು ಕಲೆಕ್ಟರುಗಳಿಗೆ ಆಜ್ಞಾಪಿಸಿದನು. ಬಳ್ಳಾರಿಯ ಕಲೆಕ್ಟರಾಗಿದ್ದ ಎ. ಡಿ. ಕ್ಯಾಂಬೆಲ್ 1823ರ ಆಗಸ್ಟ್ ತಿಂಗಳಲ್ಲಿ ಕಳುಹಿಸಿದ ವರದಿಯು ಅವುಗಳಲ್ಲಿ ಶ್ರೇಷ್ಠವಾದುದು. ಈತನು ತೆಲುಗಿಗೆ ವ್ಯಾಕರಣವನ್ನೂ ನಿಘಂಟನ್ನೂ ಬರೆದ ಭಾಷಾಜ್ಞನಾದ್ದರಿಂದ ಶಾಲೆಗಳ ಸಂಖ್ಯೆಯನ್ನು ಮಾತ್ರವಲ್ಲದೆ ಒಳಗಿನ ಪಾಠಕ್ರಮವನ್ನೂ ನೋಡಿ ಬರೆದಿರುವನು. ಈ ವರದಿಗಳ ಸಮುದಾಯವನ್ನು 1983ರಲ್ಲಿ ಧರ್ಮಪಾಲರು ಪ್ರಕಟಿಸಿದ ಮೇಲೆ ಅವು ಎಲ್ಲರಿಗೂ ಸುಲಭವಾಗಿರುವುವು.

ಅಂದಿನ ಬಳ್ಳಾರಿ ಜಿಲ್ಲೆಯಲ್ಲಿ ಮುಂದೆ ಅನಂತಪುರವೆಂದು ಬೇರೆಯಾದ ಪ್ರದೇಶವೂ ಸೇರಿತ್ತು. ಒಟ್ಟು 533 ಶಾಲೆಗಳು. ಅವುಗಳಲ್ಲಿ ಕನ್ನಡದವು 235, ತೆಲುಗಿನವು 226. ಉಳಿದವು ಸಂಸ್ಕೃತ, ಮರಾಠಿ, ಪಾರ್ಸಿ ಮೊದಲಾದುವು. ಓದುತ್ತಿದ್ದವರು 6,641 ಮಂದಿ. ಹಿಂದೂ ವಿದ್ಯಾರ್ಥಿಗಳಲ್ಲಿ ಹುಡುಗಿಯರು 60 ಮಾತ್ರ. ಮಗುವಿಗೆ ಐದು ವರ್ಷವಾದಾಗ ವಿದ್ಯಾರಂಭ; ಮರಳಿನಲ್ಲಿ ಬೆರಳಿನಿಂದ ಅಕ್ಷರ ತಿದ್ದುವುದು; ಹಿರಿಯ ಹುಡುಗರು ಕಿರಿಯರಿಗೆ ಹೇಳಿಕೊಡುವುದು. ಬೆಳಿಗ್ಗೆ ಮೊದಲು ಬಂದವನ ಅಂಗೈಯಲ್ಲಿ ಸರಸ್ವತಿಯ ಹೆಸರು, ಎರಡನೆಯವನಿಗೆ ಒಂದು ಸೊನ್ನೆ, ಮೂರನೆಯವನಿಗೆ ಮೆಲ್ಲನೆಯ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆಯೇ ಏರುವುದು. ಸೋಮಾರಿಗಳನ್ನು ಎರಡು ಕೈಗಳನ್ನೂ ಕಟ್ಟಿ ಮಾಡಿಗೆ ತೂಗುಹಾಕುವುದೂ ಉಂಟು. ಕೂಲಿಮಠದಲ್ಲಿ ಓದಿದ ಹಿರಿಯರು ‘ಕೋದಂಡ’ವೆಂದು ನೆನೆಯುತ್ತಿದ್ದುದು ಇದನ್ನೇ.

ಪುಸ್ತಕಗಳ ಪಟ್ಟಿಯು ಇನ್ನೂ ಉಪಯುಕ್ತವಾದುದು. ಎಲ್ಲ ಶಾಲೆಗಳಲ್ಲಿಯೂ ರಾಮಾಯಣ, ಭಾರತ, ಭಾಗವತ. ಲಿಂಗಧಾರಿಗಳ ಮಕ್ಕಳಿಗೆ ಚೆನ್ನಬಸವೇಶ್ವರ ಪುರಾಣ ಮೊದಲಾದುವು. ಭಾಷಾಜ್ಞಾನಕ್ಕೆ ಅಮರ, ನಿಘಂಟು, ಶಬ್ದಮಣಿದರ್ಪಣ. ಕಡೆಗೆ, ವಿನೋದಕ್ಕಾಗಿ ಓದುವ ಹಗುರವಾದ ಕಥೆಗಳೆಂದು ಪಂಚತಂತ್ರ, ಬೇತಾಳಪಂಚವಿಂಶತಿ, ಮತ್ತು ಇಂಗ್ಲಿಷ್ ಬರಹದಲ್ಲಿ ರೂಪಗೆಟ್ಟು ಗುರುತು ಸಿಕ್ಕದ ಇನ್ನೊಂದೆರಡು ಹೆಸರುಗಳು. ನೀತಿಶಾಸ್ತ್ರವೆಂದು ಹುಟ್ಟಿದ ಪಂಚತಂತ್ರವು ಶಾಲೆಗೆ ಬರುವ ವೇಳೆಗೆ ವಿನೋದದ ಪಂಕ್ತಿಯಲ್ಲಿ ಕುಳಿತಿರುವುದನ್ನು ನೋಡಬೇಕು. ಮಕ್ಕಳು ಛಲವನ್ನು ತೆಗೆದುಹಾಕಿ ಕಥೆಯನ್ನು ಉಳಿಸಿಕೊಂಡಿದ್ದರು!

ಕ್ಯಾಂಬೆಲನ ಮುಖ್ಯವಾದ ಆಕ್ಷೇಪವು ಬೇರೆ. ಪದ್ಯಗ್ರಂಥಗಳ ಭಾಷೆ ಒಂದು, ಮನೆಯಲ್ಲಿ ಆಡುವ ಭಾಷೆ ಮತ್ತೊಂದು. ಲಿಪಿಯೊಂದೇ ಆದ್ದರಿಂದ ಹುಡುಗನು ಓದಬಲ್ಲನು, ತಿಳಿಯಲಾರನು. ಗಿಳಿಯು ಉಲಿದಂತೆ ಪದ್ಯಗಳನ್ನು ಒಪ್ಪಿಸುತ್ತಾನೆಂದು ಅವನು ಬರೆದಿರುವನು. ಈ ನಿಂದೆಯನ್ನು ಇದ್ದಂತೆಯೇ ಒಪ್ಪುವುದು ನ್ಯಾಯವಲ್ಲ. ಕಂಠಪಾಠವು ಮೊದಲು, ಅರ್ಥವು ಆಮೇಲೆ ಎಂಬುದು ಅಜ್ಞಾನದಿಂದ ಹುಟ್ಟಿದ ಕ್ರಮವಲ್ಲ. ಎಂಟನೆಯ ವಯಸ್ಸಿನಲ್ಲಿ ಬಾಯಿಗೆ ಬಂದ ಅಮರವು ಇಪ್ಪತ್ತರಲ್ಲಿ ಕಾವ್ಯವನ್ನು ಓದುವಾಗ ಫಲಿಸುತ್ತದೆ. ಆದರೆ ಇಪ್ಪತ್ತರವರೆಗೆ ಓದುವವನಿಗೆ ಮಾತ್ರ ಆ ಫಲ. ದೇಶೀಯ ನೇಯ್ಗೆ ಕೆಟ್ಟು ಜನರು ಬಡವರಾದುದರಿಂದ ಮಕ್ಕಳಿಗೆ ಓದು ತಪ್ಪುತ್ತಿರುವುದನ್ನು ಅದೇ ವರದಿಯೇ ಹೇಳುತ್ತದೆ. ಹತ್ತನೆಯ ವರ್ಷಕ್ಕೆ ಮಗ್ಗದ ಗುಂಡಿಗೋ ಹೊಲಕ್ಕೋ ಇಳಿದ ಹುಡುಗನಿಗೆ ಅರ್ಥವಾಗದ ಪದ್ಯವು ಕೊನೆಯವರೆಗೂ ಅರ್ಥವಾಗದೆ ಉಳಿಯಿತು. ಅಕ್ಷರವು ಮಠದಲ್ಲಿ, ಕಥೆಯು ಅಜ್ಜಿಯ ಮಡಿಲಿನಲ್ಲಿ. ಅವೆರಡೂ ಕೂಡುವ ಪುಸ್ತಕವೊಂದು ಅವನಿಗೆ ದೊರೆಯಲಿಲ್ಲ.

ಮುದ್ರಣಯಂತ್ರವೂ ಸರ್ಕಾರಿ ಶಾಲೆಗಳೂ ಬಂದ ಮೇಲೆ ಗದ್ಯದ ವಾಚನಪುಸ್ತಕಗಳು ಬಂದುವು. ಅವುಗಳಲ್ಲಿ ಕಥೆಗಳೂ ಬಂದುವು. ಈ ಘಟ್ಟದ ಪುಸ್ತಕಗಳನ್ನು ಇಲ್ಲಿ ಬಿಡಿಸಿ ಹೇಳಬೇಕಾದುದಿಲ್ಲ. ಈಸೋಪನ ಕಥೆಗಳ ಮಾದರಿಯಲ್ಲಿ ಕಥೆಯ ಕೊನೆಗೆ ‘ನೀತಿ’ ಎಂಬ ಬೇರೊಂದು ಪಂಕ್ತಿಯನ್ನು ಹಚ್ಚುವ ರೂಢಿಯು ನೆಲೆಗೊಂಡಿತು. ವಿಷ್ಣುಶರ್ಮನಲ್ಲಿ ತಲೆಯಲ್ಲಿ ಒಗಟಾಗಿದ್ದುದು ಇಲ್ಲಿ ಬಾಲದಲ್ಲಿ ತೀರ್ಪಾಯಿತು. ಕೇಳದ ಪ್ರಶ್ನೆಗೆ ಕೊಟ್ಟ ಉತ್ತರವನ್ನು ಮಗುವು ಪರೀಕ್ಷೆಗಾಗಿ ಕಲಿಯುತ್ತದೆ, ಅಷ್ಟೆ.

ಪಂಜೆ ಮಂಗೇಶರಾಯರ (1874–1937) ಕೆಲಸದ ಬೆಲೆಯು ಈ ಹಿನ್ನೆಲೆಯಲ್ಲಿ ತಿಳಿಯುವುದು. ಬಂಟವಾಳದಲ್ಲಿ ಹುಟ್ಟಿ, ಮಂಗಳೂರಿನಲ್ಲಿ ಅಧ್ಯಾಪಕರಾಗಿದ್ದು, ಶಾಲಾ ಇನ್‌ಸ್ಪೆಕ್ಟರಾಗಿ ಊರೂರು ತಿರುಗಿದ ಇವರು ‘ಕವಿಶಿಷ್ಯ’ನೆಂಬ ಹೆಸರಿನಿಂದ ಬರೆದರು, 1934ರಲ್ಲಿ ರಾಯಚೂರಿನ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಇವರ ಮನೆಮಾತು ಕೊಂಕಣಿ. ಇವರು ಕಂಡ ತರಗತಿಗಳಲ್ಲಿ ಬಹುಮಂದಿ ಮಕ್ಕಳ ಮನೆಮಾತು ತುಳು, ಇಲ್ಲವೆ ಕೊಂಕಣಿ. ಬಳ್ಳಾರಿಯ ಹುಡುಗನಿಗೆ ಹಳಗನ್ನಡವು ಎಷ್ಟು ದೂರವೋ, ಈ ಮಕ್ಕಳಿಗೆ ಪುಸ್ತಕದ ಕನ್ನಡವು ಹೆಚ್ಚುಕಡಿಮೆ ಅಷ್ಟೇ ದೂರ.

‘ಸಿಗಡಿ ಯಾಕೆ ಒಣಗಲಿಲ್ಲ?’ ಎಂಬ ಅವರ ಕಥೆಯನ್ನು ಈ ದೃಷ್ಟಿಯಿಂದ ಪರೀಕ್ಷಿಸಬಹುದು. ಹೆಸರೇ ಪ್ರಶ್ನೆ. ಬಿಸಿಲಿಗೆ ಹರಡಿದ ಸಿಗಡಿಯು ಕರಾವಳಿಯ ಮಗುವು ದಿನವೂ ನೋಡುವ ವಸ್ತು. ಪ್ರಶ್ನೆಯು ಒಬ್ಬರಿಂದ ಮತ್ತೊಬ್ಬರಿಗೆ ಹೋಗುತ್ತದೆ. ಪ್ರತಿಯೊಬ್ಬರೂ ಹೊಣೆಯನ್ನು ಇನ್ನೊಬ್ಬರ ಮೇಲೆ ಹಾಕುತ್ತಾರೆ. ವಾಕ್ಯದ ಅಚ್ಚು ಅದೇ. ಹೊಸದಾಗಿ ಸೇರುವುದು ಒಂದೆರಡು ಶಬ್ದ. ಮೂರನೆಯ ಸಲಕ್ಕೆ ಮಗುವು ಪುಸ್ತಕಕ್ಕಿಂತ ಮುಂದಾಗಿಯೇ ಪ್ರಶ್ನೆಯನ್ನು ಹೇಳುತ್ತದೆ. ಹೇಳಿದುದನ್ನೇ ಪುಟದಲ್ಲಿ ಕಂಡು ಓದುತ್ತದೆ. ಕಂಠಪಾಠದ ಲಾಭವು ಹೋಗಲಿಲ್ಲ, ಅರ್ಥವೂ ಕೂಡಿಬಂದಿತು. ಕ್ಯಾಂಬೆಲನು ಕಂಡ ಒಡಕಿಗೆ ಇದು ಉತ್ತರವಾಗಿದೆ. ವಿಷ್ಣುಶರ್ಮನ ‘ಅದು ಹೇಗೆ?’ ಎಂಬ ಮಾತು ಎಷ್ಟೋ ಶತಮಾನಗಳ ಮೇಲೆ ಮಕ್ಕಳ ಬಾಯಿಗೆ ತಿರುಗಿ ಬಂದಿದೆ.

ಅವರು ಪರಭಾಷೆಗಳಿಂದಲೂ ಸಂಕೋಚವಿಲ್ಲದೆ ತೆಗೆದುಕೊಂಡರು. ‘ಇಲಿಗಳ ತಕಥೈ’ ಬ್ರೌನಿಂಗನ 1842ರ ಪದ್ಯದಿಂದ ಬಂದುದು. ‘ಮೂರು ಕರಡಿಗಳು’ ಎಂಬ ಇಂಗ್ಲಿಷ್ ಕಥೆಯನ್ನು ಮೊದಲು ಅಚ್ಚು ಹಾಕಿಸಿದವನು ರಾಬರ್ಟ್ ಸೌದಿ, 1837ರಲ್ಲಿ. ದೊಡ್ಡ ಕರಡಿಯ ಮಾತನ್ನು ದೊಡ್ಡ ಅಕ್ಷರದಲ್ಲಿಯೂ ಪುಟ್ಟ ಕರಡಿಯ ಮಾತನ್ನು ಬೇರೆ ಸಣ್ಣ ಅಕ್ಷರದಲ್ಲಿಯೂ ಅವನು ಮುದ್ರಿಸಿದ್ದನು. ಅಕ್ಷರದ ಗಾತ್ರವೇ ದನಿಯಾಗುವ ಈ ಉಪಾಯವು ಎಷ್ಟು ಅಧ್ಯಾಪಕರ ಗಮನಕ್ಕೆ ಬಂದಿದೆಯೋ! ತುಳುವಿನ ಪಾಡ್ದನದಿಂದ ‘ಕೋಟಿ ಚೆನ್ನಯ’ರ ಕಥೆಯನ್ನು ಕನ್ನಡ ಗದ್ಯಕ್ಕೆ ತಂದವರೂ ಇವರೇ, ಮನೆಯಲ್ಲಿ ಹಾಡಾಗಿ ಕೇಳಿದುದನ್ನು ಆ ಮಕ್ಕಳು ಶಾಲೆಯಲ್ಲಿ ಅಕ್ಷರವಾಗಿ ಕಂಡರು. 1936ರಲ್ಲಿ ಮೂರು ಸಂಪುಟಗಳಲ್ಲಿ ಬಂದ ಶಿವರಾಮ ಕಾರಂತರ ‘ಬಾಲಪ್ರಪಂಚ’ವು ಜ್ಞಾನದ ಕಡೆಗೆ ತೆರೆದ ಬಾಗಿಲು, ಭಾವದ ಕಡೆಗೆ ಬಾಗಿಲನ್ನು ತೆರೆದವರು ಪಂಜೆಯವರು.

ಭಾವವೆಂಬ ಮಾತಿಗೆ ಅವರ ‘ನಾಗರ ಹಾವೆ’ ಪದ್ಯವೇ ಸಾಕ್ಷಿ. ಪದ್ಯವಾದರೂ ಅದರಲ್ಲಿ ಒಂದು ಸಣ್ಣ ಕಥೆಯಿದೆ. ಮಗುವು ಹಾವನ್ನು ಬಾ ಎಂದು ಕರೆಯುತ್ತದೆ, ಅದರ ಚೆಲುವನ್ನು ಮೆಚ್ಚುತ್ತದೆ, ಹಾಲು ಕೊಡುವೆನೆನ್ನುತ್ತದೆ, ಕಡೆಗೆ ಹೋಗೆನ್ನುತ್ತದೆ. ಹಾವಿಗೆ ಅಂಜಬೇಕೆಂದಾಗಲಿ ಅಂಜಬಾರದೆಂದಾಗಲಿ ಕವಿಯು ಹೇಳುವುದಿಲ್ಲ. ಅಂಜಿಕೆಯೂ ಪ್ರೀತಿಯೂ ಒಂದೇ ಉಸಿರಿನಲ್ಲಿ ಬರುವುವು. ಅವೆರಡಕ್ಕೂ ಮಾತು ದೊರೆಯಿತೆಂಬುದೇ ಆ ಮಗುವಿಗೆ ಆದ ಲಾಭ. ಇಂಥ ಪದ್ಯದ ಕೆಳಗೆ ‘ನೀತಿ’ ಎಂದು ಬರೆಯಹೊರಟ ಪಠ್ಯಪುಸ್ತಕಕಾರನಿಗೆ ಏನನ್ನು ಬರೆಯಬೇಕೆಂದು ತೋಚಲಾರದು.