ಭಂಗಾರ ಮತ್ತು ಬಂಗಾರ: ಸೊಲ್ಲಾಪುರ ಸೀಮೆಯಲ್ಲಿ ಹಳೆಯ ಮಗ್ಗದ ಕ್ರಯವಿಕ್ರಯ

ಕರ್ನಾಟಕದ ಒಳನಾಡಿನಲ್ಲಿ ಗುಜರಿ ಎನಿಸಿಕೊಳ್ಳುವ ವಸ್ತುವಿಗೆ ಮರಾಠಿಯಲ್ಲಿ ‘ಭಂಗಾರ’ ಎಂಬ ಹೆಸರಿದೆ. ಮಹಾಪ್ರಾಣವನ್ನು ಸಡಿಲಿಸಿ ನುಡಿಯುವ ಕನ್ನಡಿಗರ ಬಾಯಲ್ಲಿ ಅದು ‘ಬಂಗಾರ’ವೇ ಆಗಿ ಕೇಳಿಸುತ್ತದೆ. ವ್ಯುತ್ಪತ್ತಿಯ ಚರ್ಚೆ ಇಲ್ಲಿ ಅಪ್ರಸ್ತುತ. ಆದರೆ ಸೊಲ್ಲಾಪುರದಂತಹ ಗಿರಣಿ ಊರಿನ ಆರ್ಥಿಕ ಚರಿತ್ರೆಯ ಒಂದು ಮುಖ್ಯ ಪ್ರಶ್ನೆ ಈ ಧ್ವನಿಸಾಮ್ಯದಲ್ಲೇ ಅಡಗಿದೆ: ಒಬ್ಬನು ಭಂಗಾರವೆಂದು ಮಾರಿದ ಯಂತ್ರ ಮತ್ತೊಬ್ಬನಿಗೆ ಬಂಗಾರವಾದದ್ದು ಹೇಗೆ, ಮತ್ತು ಆ ವ್ಯವಹಾರದಲ್ಲಿ ಯಾರ ಪಾಲಿಗೆ ಏನೂ ದಕ್ಕಲಿಲ್ಲ?

ಸೊಲ್ಲಾಪುರದ ಮೊದಲ ನೂಲುವ ಮತ್ತು ನೇಯುವ ಗಿರಣಿ 1877ರಲ್ಲಿ ಸ್ಥಾಪನೆಗೊಂಡಿತು. ಅದು ದಖ್ಖನದ ಒಣನಾಡುಗಳನ್ನು ಬರಿದುಗೊಳಿಸಿದ 1876–78ರ ಮಹಾಕ್ಷಾಮದ ಕಾಲ. ಕ್ರಮೇಣ ಊರಿನಲ್ಲಿ ಇನ್ನಷ್ಟು ಗಿರಣಿಗಳು ತಲೆಯೆತ್ತಿದವು. ತೆಲುಗು ಮಾತಾಡುವ ಪದ್ಮಶಾಲಿ ನೇಕಾರರು, ಸುತ್ತಲಿನ ಹಳ್ಳಿಗಳ ಕನ್ನಡ ಮತ್ತು ಮರಾಠಿ ಭಾಷಿಕರು ನೆಲೆಸಿದ ಈ ಊರು ತ್ರಿಭಾಷಾ ಕಾರ್ಮಿಕ ನಗರವಾಗಿ ಬೆಳೆಯಿತು. ಗಿರಣಿಗಳ ಯಂತ್ರಗಳಾದರೋ ದೂರದವು. ಓಲ್ಡ್‌ಹ್ಯಾಮ್‌ನ ಪ್ಲಾಟ್ ಬ್ರದರ್ಸ್, ಬ್ಲ್ಯಾಕ್‌ಬರ್ನ್‌ನ ಹೆನ್ರಿ ಲಿವ್ಸೆ, ಬರ್ನ್‌ಲಿಯ ಬಟರ್‌ವರ್ತ್ ಮತ್ತು ಡಿಕಿನ್ಸನ್ ಮುಂತಾದ ಲ್ಯಾಂಕಾಷೈರ್ ತಯಾರಕರೇ ಅಂದಿನ ಭಾರತೀಯ ಗಿರಣಿಗಳಿಗೆ ಯಂತ್ರ ಒದಗಿಸಿದ ಪ್ರಮುಖರು.

ಎರಕದ ಕಬ್ಬಿಣದ ಚೌಕಟ್ಟಿನ ಲ್ಯಾಂಕಾಷೈರ್ ಮಗ್ಗ ದೀರ್ಘಾಯುಷಿ. ಸವೆದ ಭಾಗವನ್ನು ಸ್ಥಳೀಯ ಎರಕದ ಮನೆಯಲ್ಲೇ ಹೊಯ್ಯಿಸಿಕೊಳ್ಳಬಹುದು. ಅದರ ಕೊರತೆಯೆಂದರೆ, ಕಂಡಿಕೆಯ ನೂಲು ಮುಗಿದಾಗಲೆಲ್ಲ ಮಗ್ಗ ನಿಲ್ಲಿಸಿ ಲಾಳಿಯನ್ನು ಕೈಯಿಂದಲೇ ಬದಲಿಸಬೇಕು. ಸ್ವಯಂಚಾಲಿತ ಮಗ್ಗಗಳತ್ತ ಹೊರಳಿದ ದೊಡ್ಡ ಗಿರಣಿಗೆ ಅದು ನಷ್ಟದ ಬಾಬು. ನಾಲ್ಕು ಮಗ್ಗಗಳ ಚಿಕ್ಕ ಕಾರಖಾನೆದಾರನಿಗೆ ಅದೇ ಬಂಡವಾಳ. ಇಚಲಕರಂಜಿ, ಭಿವಂಡಿ, ಮಾಲೇಗಾಂವ್, ಸೊಲ್ಲಾಪುರಗಳ ವಿದ್ಯುತ್ ಮಗ್ಗ ಉದ್ಯಮವು ಗಿರಣಿಗಳು ಕಳಚಿಹಾಕಿದ ಮಗ್ಗಗಳನ್ನು ಕೊಂಡೇ ಬಹುಮಟ್ಟಿಗೆ ಬೆಳೆಯಿತು. 1982ರ ಜನವರಿಯಲ್ಲಿ ಆರಂಭವಾದ ಮುಂಬಯಿ ಗಿರಣಿ ಮುಷ್ಕರದ ತರುವಾಯ ಈ ಹರಿವು ಇನ್ನಷ್ಟು ಹೆಚ್ಚಿತು.

ಹಳೆಯ ಯಂತ್ರದ ಬೆಲೆ ಕಟ್ಟುವುದಕ್ಕೆ ಎರಡು ಅಳತೆಗಳಿವೆ. ಒಂದು ತೂಕ, ಇನ್ನೊಂದು ದುಡಿಮೆ. ತೂಕಕ್ಕೆ ಮಾರಿದರೆ ಅದು ಕಬ್ಬಿಣ. ದುಡಿಮೆಗೆ ಮಾರಿದರೆ ಅದು ಮಗ್ಗ. ಈ ಎರಡರ ನಡುವಿನ ಅಂತರವೇ ದಲ್ಲಾಳಿಯ ಲಾಭ. ಆದರೆ ಮಗ್ಗವನ್ನು ದುಡಿಯುವ ಸ್ಥಿತಿಯಲ್ಲಿಡಬಲ್ಲ ಜ್ಞಾನವು ಕಾರ್ಮಿಕನ ಕೈಯಲ್ಲಿತ್ತು. ಆ ಜ್ಞಾನಕ್ಕೆ ಯಾವ ಕ್ರಯಪತ್ರದಲ್ಲೂ ಪ್ರತ್ಯೇಕ ಕಾಲಂ ಇರುವುದಿಲ್ಲ.

ಇಲ್ಲಿ ಕಾನೂನಿನ ಪಾತ್ರವನ್ನು ಗಮನಿಸಬೇಕು. 1948ರ ಕಾರ್ಖಾನೆ ಅಧಿನಿಯಮವು ವಿದ್ಯುತ್ ಬಳಸುವೆಡೆ ಹತ್ತು ಮಂದಿ ದುಡಿಯುವ ಘಟಕಗಳಿಗೆ ಅನ್ವಯವಾಗುತ್ತಿತ್ತು. ಅದಕ್ಕಿಂತ ಚಿಕ್ಕ ಘಟಕಗಳು ಸಾಮಾನ್ಯವಾಗಿ ಅದರ ಹೊರಗೆ ಉಳಿದವು. ಆದ್ದರಿಂದ ಗಿರಣಿಯಿಂದ ಮಗ್ಗವು ಗಲ್ಲಿಯ ಕಾರಖಾನೆಗೆ ಸಾಗಿದಾಗ ಯಂತ್ರ ಅದೇ, ನೇಯ್ಗೆ ಅದೇ, ಅನೇಕ ವೇಳೆ ನೇಯುವವನೂ ಅವನೇ. ಹಿಂದೆ ಉಳಿದದ್ದು ಕೆಲಸದ ವೇಳೆಯ ಮಿತಿ, ಸಂಬಳಸಹಿತ ರಜೆ ಮೊದಲಾದ ಹಕ್ಕುಗಳು. ಯಂತ್ರದ ಸ್ಥಳಾಂತರವೆಂದು ತೋರುವುದು ನಿಜದಲ್ಲಿ ಹಕ್ಕುಗಳ ವಿಸರ್ಜನೆಯೂ ಆಗಿತ್ತು.

ಸೊಲ್ಲಾಪುರದ ಮೊದಲ ಗಿರಣಿಯ ಕಥೆ ಇದೇ ಮಾತನ್ನು ಇನ್ನೊಂದು ಬದಿಯಿಂದ ಹೇಳುತ್ತದೆ. 1949ರಲ್ಲಿ ಗಿರಣಿ ಮುಚ್ಚಿದಾಗ ಕೇಂದ್ರ ಸರ್ಕಾರವು 1950ರ ಸುಗ್ರೀವಾಜ್ಞೆ ಮತ್ತು ಅಧಿನಿಯಮಗಳ ಮೂಲಕ ಅದರ ಆಡಳಿತವನ್ನು ಕೈಗೆತ್ತಿಕೊಂಡಿತು. ಇದನ್ನು ಪ್ರಶ್ನಿಸಿದ ಚಿರಂಜಿತ್ ಲಾಲ್ ಚೌಧುರಿ ಪ್ರಕರಣ (1950) ಮತ್ತು ದ್ವಾರಕಾದಾಸ್ ಶ್ರೀನಿವಾಸ್ ಪ್ರಕರಣ (1953) ಭಾರತೀಯ ಸಂವಿಧಾನದ ಅಧ್ಯಯನದಲ್ಲಿ ಪ್ರಸಿದ್ಧವಾಗಿವೆ. ಎರಡರಲ್ಲೂ ಅರ್ಜಿದಾರ ಷೇರುದಾರ. ಚರ್ಚೆ ಆತನ ಆಸ್ತಿಯ ಹಕ್ಕನ್ನು ಕುರಿತದ್ದು. ಯಂತ್ರದ ಮುಂದೆ ನಿಂತಿದ್ದವನು ಕಕ್ಷಿದಾರನಾಗಿರಲಿಲ್ಲ. ಸಮಾಪನಗೊಂಡ ಕಂಪನಿಯ ಆಸ್ತಿಯನ್ನು ಮಾರಿದ ಹಣದಲ್ಲಿ ಕಾರ್ಮಿಕರ ಬಾಕಿಗೂ ಭದ್ರತೆಯುಳ್ಳ ಸಾಲಗಾರರ ಬಾಕಿಗೂ ಸಮಾನ ಆದ್ಯತೆ ದೊರೆತದ್ದು 1985ರ ಕಂಪನಿ ಕಾಯಿದೆಯ ತಿದ್ದುಪಡಿಯಿಂದ. ಅಂದಿನಿಂದ ಹರಾಜಿನಲ್ಲಿ ಮಗ್ಗವು ತೂಕಕ್ಕೆ ಹೋಯಿತೋ ದುಡಿಮೆಗೆ ಹೋಯಿತೋ ಎಂಬುದು ನೇಕಾರನ ಬಾಕಿಯನ್ನೂ ನಿರ್ಧರಿಸುವ ಸಂಗತಿಯಾಯಿತು.

ಗಡಿನಾಡಿನ ಕನ್ನಡಿಗರ ಚರಿತ್ರೆಯನ್ನು ನಾವು ಹೆಚ್ಚಾಗಿ ಶಾಸನ, ಮಠ, ಶಾಲೆ, ಚಳವಳಿಗಳ ಮೂಲಕ ಬರೆದಿದ್ದೇವೆ. ಅವು ಅಗತ್ಯವೇ. ಆದರೆ ಗಿರಣಿಯ ಯಂತ್ರಪಟ್ಟಿ, ಹರಾಜಿನ ಪ್ರಕಟಣೆ, ಹಳೆಯ ಮಗ್ಗದ ರಸೀದಿ, ಚೌಕಟ್ಟಿನ ಮೇಲಿನ ತಯಾರಕರ ಹೆಸರು ಇವೂ ದಾಖಲೆಗಳೇ. ಲಾಳಿ, ಕಂಡಿಕೆ, ಹಾಸು, ಹೊಕ್ಕು ಎಂಬ ಕೈಮಗ್ಗದ ಮಾತುಗಳು ವಿದ್ಯುತ್ ಮಗ್ಗದ ಸದ್ದಿನಲ್ಲಿ ಮರಾಠಿ, ತೆಲುಗು, ಇಂಗ್ಲಿಷ್ ಪದಗಳೊಡನೆ ಹೇಗೆ ಬೆರೆತವು ಎಂಬುದನ್ನು ಹೇಳಬಲ್ಲ ತಲೆಮಾರು ವೃದ್ಧಾಪ್ಯದಲ್ಲಿದೆ. ಕಬ್ಬಿಣವಾದರೆ ಕರಗಿ ಮತ್ತೊಂದು ರೂಪ ತಾಳೀತು. ಆ ನೆನಪಿಗೆ ಅಂತಹ ಮರುಬಳಕೆಯ ಪೇಟೆ ಇಲ್ಲ. ಅದನ್ನು ಭಂಗಾರಕ್ಕೆ ಹೋಗಗೊಡದೆ ದಾಖಲಿಸಿಕೊಳ್ಳುವುದು ನಮ್ಮ ಸಂಶೋಧನೆಯ ಹೊಣೆ.