ಮುಂಬಯಿಯ ಕನ್ನಡ ರಾತ್ರಿಶಾಲೆಗಳು

ಹೊರನಾಡ ಕನ್ನಡಿಗರ ಶಿಕ್ಷಣದ ಇತಿಹಾಸದಲ್ಲಿ ಮುಂಬಯಿಯ ರಾತ್ರಿಶಾಲೆಗಳಿಗೆ ವಿಶಿಷ್ಟ ಸ್ಥಾನವಿದೆ. ಕಳೆದ ಶತಮಾನದಲ್ಲಿ ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯಿಂದ ಅರ್ಧಕ್ಕೇ ಶಾಲೆ ಬಿಟ್ಟು ಬಂದ ಅಸಂಖ್ಯ ಹುಡುಗರು ಇಲ್ಲಿನ ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿದರು. ಊಟ, ವಸತಿಗಳು ಅಲ್ಲಿಯೇ ದೊರೆಯುತ್ತಿದ್ದವು. ಓದಲು ಹೊತ್ತು ಮಾತ್ರ ಇರಲಿಲ್ಲ.

1902ರಲ್ಲಿ ಸ್ಥಾಪನೆಗೊಂಡ ಮೊಗವೀರ ವ್ಯವಸ್ಥಾಪಕ ಮಂಡಳಿಯ ಉಚಿತ ರಾತ್ರಿ ಪ್ರೌಢಶಾಲೆ, ಬಿಲ್ಲವರ ಅಸೋಸಿಯೇಶನ್ನಿನ ಗುರುನಾರಾಯಣ ರಾತ್ರಿ ಪ್ರೌಢಶಾಲೆ ಮೊದಲಾದವು ಈ ಕೊರತೆಯನ್ನು ತುಂಬಿದವು. ಸಂಸ್ಥೆಗಳ ಹೆಸರು ಸಮುದಾಯದ್ದಾದರೂ ಬೆಂಚುಗಳ ಮೇಲೆ ಎಲ್ಲ ಜಾತಿಯವರೂ ಕುಳಿತರು. ಆದರೆ ಶಾಲೆ ಆರಂಭವಾಗುವ ಸಂಜೆಯ ವೇಳೆಯೇ ಹೋಟೆಲಿನಲ್ಲಿ ಗಿರಾಕಿಗಳ ನೂಕುನುಗ್ಗಲು. ಆ ಹೊತ್ತಿನಲ್ಲಿ ಹುಡುಗನನ್ನು ಬಿಟ್ಟುಕೊಡುವ ಧಣಿ ಸಿಕ್ಕಿದ್ದೇ ಹಲವರ ಪಾಲಿಗೆ ವಿದ್ಯಾರ್ಥಿವೇತನವಾಯಿತು. ಹೆಣ್ಣುಮಕ್ಕಳಿಗೆ ಈ ದಾರಿ ಬಹುಮಟ್ಟಿಗೆ ತೆರೆದಿರಲಿಲ್ಲ.

1969ರಲ್ಲಿ 14 ಬ್ಯಾಂಕುಗಳು ರಾಷ್ಟ್ರೀಕರಣಗೊಂಡ ಬಳಿಕ ಶಾಖೆಗಳು ಬೆಳೆದವು. ಉತ್ತಮ ಅಂಕಗಳೊಡನೆ ಎಸ್.ಎಸ್.ಸಿ. ತೇರ್ಗಡೆಯಾದವರೂ ಆಗ ಗುಮಾಸ್ತೆಯ ಹುದ್ದೆಗೆ ಅರ್ಹರಾಗಿದ್ದರು. ಮುಂದಿನ ಮೆಟ್ಟಿಲು ಕಾಲೇಜು. ಡಾ. ಅಂಬೇಡ್ಕರರ ಪೀಪಲ್ಸ್ ಎಜುಕೇಶನ್ ಸೊಸೈಟಿಯು 1946ರಲ್ಲಿ ತೆರೆದ ಸಿದ್ಧಾರ್ಥ ಕಾಲೇಜು ನೌಕರಿಯಲ್ಲಿರುವವರಿಗಾಗಿ ಬೆಳಗಿನ ತರಗತಿಗಳನ್ನು ನಡೆಸಿತು. ಪದವಿಯ ಬೆಲೆಯನ್ನು ಬ್ಯಾಂಕಿನೊಳಗಿದ್ದವರು ಚೆನ್ನಾಗಿ ಬಲ್ಲರು. ಪದವೀಧರ ಗುಮಾಸ್ತೆಗೆ ಹೆಚ್ಚುವರಿ ವೇತನಬಡ್ತಿ ಸಿಗುತ್ತದೆ. ಅದು ಮೂಲವೇತನಕ್ಕೆ ಸೇರಿ ತುಟ್ಟಿಭತ್ಯ, ಗ್ರಾಚ್ಯುಯಿಟಿ, ಪಿಂಚಣಿಗಳನ್ನೆಲ್ಲ ಏರಿಸುತ್ತದೆ. ಇಪ್ಪತ್ತರ ಹರೆಯದ ಪರೀಕ್ಷೆಯೊಂದು ಅರುವತ್ತರ ನಂತರವೂ ತಿಂಗಳು ತಿಂಗಳು ಲೆಕ್ಕಕ್ಕೆ ಬರುವುದು ಹೀಗೆ. ಸಿಬ್ಬಂದಿಗೆ ಕಡಿಮೆ ಬಡ್ಡಿಯಲ್ಲಿ ದೊರೆಯುವ ಗೃಹಸಾಲದಿಂದ ಡೊಂಬಿವಲಿಯಲ್ಲೋ ಮೀರಾ ರೋಡಿನಲ್ಲೋ ಮನೆಯಾಯಿತು, ಮಕ್ಕಳ ಓದಿಗೊಂದು ಮೇಜು ಬಂತು.

ಅದೇ ಹೋಟೆಲಿನಲ್ಲಿ, ಅಷ್ಟೇ ಬುದ್ಧಿವಂತನಾಗಿದ್ದೂ ಶಾಲೆಗೆ ಹೋಗಲಾರದವನಿಗೆ ಭವಿಷ್ಯನಿಧಿಯೂ ಇಲ್ಲದೆ, ಐವತ್ತರಲ್ಲಿ ಸೊಂಟನೋವಿನೊಡನೆ ಊರಿಗೆ ಮರಳಬೇಕಾಯಿತು. ಅಕ್ಷರ ಹೆಚ್ಚು ಕಲಿಯದೆಯೂ ಹೋಟೆಲು ಧಣಿಗಳಾದವರ ಉದಾಹರಣೆಯನ್ನು ನಮ್ಮ ಸಭೆಗಳಲ್ಲಿ ಮತ್ತೆ ಮತ್ತೆ ಕೊಡುತ್ತಾರೆ. ಅಂಥವರ ಸಾಹಸ ದೊಡ್ಡದು ನಿಜ. ಅವರೊಂದಿಗೆ ಟೇಬಲು ಒರೆಸಿದ ಉಳಿದವರ ಲೆಕ್ಕವನ್ನು ಮಾತ್ರ ಯಾರೂ ಹೇಳುವುದಿಲ್ಲ.

ಈಗ ಗುಮಾಸ್ತೆಯ ಹುದ್ದೆಗೂ ಪದವಿ ಕಡ್ಡಾಯ. ಎಸ್.ಎಸ್.ಸಿ.ಯಿಂದಲೇ ಬ್ಯಾಂಕು ಸೇರುವ ಬಾಗಿಲು ಮುಚ್ಚಿದೆ. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯ (1985), ನಾಸಿಕದ ಯಶವಂತರಾವ್ ಚವಾಣ್ ಮುಕ್ತ ವಿಶ್ವವಿದ್ಯಾನಿಲಯ (1989) ದುಡಿಯುವವರಿಗೆ ಪದವಿಯ ಅವಕಾಶ ನೀಡಿವೆ. ಕನ್ನಡ ಮಾಧ್ಯಮದ ರಾತ್ರಿಶಾಲೆಗಳಲ್ಲಿ ವಿದ್ಯಾರ್ಥಿಗಳು ವಿರಳರಾಗಿದ್ದಾರೆ. ನಮ್ಮವರ ಹೋಟೆಲುಗಳಲ್ಲಿ ಇಂದು ಲೋಟ ತೊಳೆಯುವ ಹುಡುಗರಲ್ಲಿ ಅನೇಕರು ಉತ್ತರ ಭಾರತದ ಹಳ್ಳಿಗಳವರು. ಸಂಜೆಯ ನೂಕುನುಗ್ಗಲಿನ ವೇಳೆ ಅವರನ್ನು ತರಗತಿಗೆ ಕಳುಹಿಸುವ ಧಣಿಗಳು ಈಗ ಎಷ್ಟು ಮಂದಿ?